ಕುರಿ ಉಣ್ಣೆಯ ಗಡ್ಡ

ಮಾವನ ಮನೆಯಲ್ಲಿ ಅಳಿಯನಿಗೆ ಸಿಗುವ ಮರ್ಯಾದೆ ಕಂಡು ಹೊಟ್ಟೆಕಿಚ್ಚು ಪಡುವವರು ಯಾರೂ ಅದನ್ನು ಅನುಭವಿಸಿದವರಲ್ಲ. ಆ ಮರ್ಯಾದೆ ಎಂದರೆ ಇಷ್ಟೇ: ಮನೆಯಲ್ಲಿರುವ ಒಂದೇ ಕೈಕುರ್ಚಿಯಲ್ಲಿ ನಿಮ್ಮನ್ನು ಕೂರಿಸಿ, ಟೇಬಲ್ ಫ್ಯಾನನ್ನು ನಿಮ್ಮ ಕಡೆ ತಿರುಗಿಸಿ, ಮಿಕ್ಕವರೆಲ್ಲ ಅಡುಗೆಮನೆಗೆ ಹೋಗಿ ನಗುತ್ತಾ ಕೂರುವುದು. ಒಳಗಿನಿಂದ ಬರುವ ನಗು ಕೇಳುತ್ತಾ, ಅದು ನನ್ನ ಬಗ್ಗೆಯೋ ಬೇರೆಯವರ ಬಗ್ಗೆಯೋ ಎಂದು ಲೆಕ್ಕ ಹಾಕುತ್ತಾ, ಗೋಡೆಯ ಕ್ಯಾಲೆಂಡರಿನಲ್ಲಿ ಆಗಲೇ ಮುಗಿದುಹೋದ ರಜಗಳನ್ನು ಓದಿಕೊಂಡು ನಾನು ಎಷ್ಟೋ ಮಧ್ಯಾಹ್ನಗಳನ್ನು ಕಳೆದಿದ್ದೇನೆ. ಈ ಮರ್ಯಾದೆಯ ವಿಷಯದಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟು ನಮ್ಮ ಅತ್ತೆ. ಅಳಿಯನ ಎದುರು ನಿಲ್ಲುತ್ತಿರಲಿಲ್ಲ, ಹೆಸರು ಹಿಡಿದು ಕರೆಯುತ್ತಿರಲಿಲ್ಲ, ನೇರವಾಗಿ ಒಂದು ಮಾತೂ ಆಡುತ್ತಿರಲಿಲ್ಲ. ಬಾಗಿಲ ಮರೆಯಲ್ಲಿ ಸೆರಗು ತಲೆಯ ಮೇಲೆ ಎಳೆದುಕೊಂಡು ನಿಂತು, "ಸುಗುಣಾ, ಮೊಳಕಾಲ್ಮೂರಿನೋರಿಗೆ ಇನ್ನೊಂದು ಮುದ್ದೆ ಇಕ್ಕು" ಎಂದು ನನ್ನ ಹೆಂಡತಿಗೆ ಹೇಳುತ್ತಿದ್ದರು. ಮೊಳಕಾಲ್ಮೂರಿನವನು ನಾನು. ಅಲ್ಲೇ ಕೂತಿದ್ದೇನೆ, ಕಿವಿಯೂ ಚೆನ್ನಾಗಿದೆ. ಆದರೂ ಸುಗುಣ ನನ್ನ ಕಡೆ ತಿರುಗಿ, "ಅವ್ವ ನಿಮಗೆ ಇನ್ನೊಂದು ಮುದ್ದೆ ಇಕ್ಕು ಅಂತಾಳೆ" ಎಂದು ಎರಡನೇ ಸಲ ಹೇಳುತ್ತಿದ್ದಳು. ಪಕ್ಕದ ಕೋಣೆಯಿಂದ ಟ್ರಂಕ್ ಕಾಲ್ ಬಂದ ಹಾಗಿರುತ್ತಿತ್ತು.

ಮಾವನವರ ಮನೆ ಚಳ್ಳಕೆರೆಯಲ್ಲಿ, ಎಣ್ಣೆ ಗಿರಣಿಗಳ ಹಿಂದಿನ ಬೀದಿಯಲ್ಲಿ. ಅವರ ತಂದೆಯ ಕಾಲದಲ್ಲಿ ಮನೆತನ ಎರಡಾಗಿ, ಒಂದು ಕವಲು ಚರ್ಚಿಗೆ ಹೋಯಿತು, ಇನ್ನೊಂದು ಕೊಂಡ್ಲಹಳ್ಳಿಯಲ್ಲಿ ಹೊಲ ನೋಡಿಕೊಂಡು ಮಾರಮ್ಮನ ಹತ್ತಿರವೇ ಉಳಿಯಿತು. ದೇವರು ಬೇರೆಯಾದರೂ ಊಟ ಬೇರೆಯಾಗಲಿಲ್ಲ. ಕ್ರಿಸ್‌ಮಸ್ ಬಂತೆಂದರೆ ಕೊಂಡ್ಲಹಳ್ಳಿಯವರು ಹಿಂದಿನ ದಿನವೇ ಶೇಂಗಾ ಚೀಲ, ಕುಂಬಳಕಾಯಿ, ಮಕ್ಕಳು ಮರಿ ಸಮೇತ ಬಂದಿಳಿಯುತ್ತಿದ್ದರು. ಇತ್ತ ಮಾವನ ಗಂಡುಮಕ್ಕಳು, ಹೆಣ್ಣುಮಕ್ಕಳು, ಅಳಿಯಂದಿರು, ಅವರ ಕಡೆಯವರು. ಆ ಮನೆಯಲ್ಲಿ ಹಬ್ಬದ ದಿನ ಒಬ್ಬರ ಚಪ್ಪಲಿ ಅವರಿಗೇ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಒಂದು ವರ್ಷ ನಾನು ಮೊಳಕಾಲ್ಮೂರಿಗೆ ವಾಪಸು ಬಂದು ನೋಡಿಕೊಂಡರೆ ಎಡಗಾಲಿಗೆ ನನ್ನದು, ಬಲಗಾಲಿಗೆ ಪಾಸ್ಟರದು.

ಈ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮನೆಗೆ ಎಲ್ಲರಿಗಿಂತ ಕೊನೆಗೆ ಬಂದ ಅಳಿಯ ಯಾರೋ ಅವನು ಕ್ರಿಸ್‌ಮಸ್ ತಾತನ ವೇಷ ಹಾಕಬೇಕು. ಅವನ ಬಿಡುಗಡೆ ಇನ್ನೊಬ್ಬ ಅಳಿಯ ಬಂದಾಗಲೇ. ಇದನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ, ಆದರೆ ಅಳಿಯಂದಿರಂತೂ ಅಲ್ಲ. ನನ್ನ ಷಡ್ಡಕ, ಅಂದರೆ ಸುಗುಣಳ ಅಕ್ಕನ ಗಂಡ ಸಾಲೊಮನ್, ನನ್ನ ಮದುವೆಯ ದಿನ ಆರತಕ್ಷತೆಯಲ್ಲಿ ನನ್ನನ್ನು ಬಿಗಿಯಾಗಿ ತಬ್ಬಿಕೊಂಡು ಕಣ್ಣೀರು ಹಾಕಿದ್ದ. ಎಂಥ ಪ್ರೀತಿ ಇವರದು ಎಂದು ನಾನೂ ಕರಗಿಹೋಗಿದ್ದೆ. ಆ ಕಣ್ಣೀರಿನ ಅರ್ಥ ಡಿಸೆಂಬರಿನಲ್ಲಿ ಆಯಿತು. ಸುಗುಣ ಕೊನೆಯ ಮಗಳು. ಅವಳ ಹಿಂದೆ ಯಾರೂ ಇರಲಿಲ್ಲ.

ವೇಷ ಎಂದರೆ ಕೆಂಪು ಮಖಮಲ್ಲಿನ ನಿಲುವಂಗಿ. ಮೊದಲನೇ ಅಳಿಯನ ಮೈಕಟ್ಟಿಗೆ ಹೊಲಿಸಿದ್ದು. ಅವರು ದಪ್ಪ, ಆಮೇಲೆ ಬಂದವರೆಲ್ಲ ತೆಳು, ಹಾಗಾಗಿ ಒಳಗೆ ಒಂದು ದಿಂಬು ಕಟ್ಟಬೇಕು. ಚಳ್ಳಕೆರೆಯ ಬಿಸಿಲು ಕ್ರಿಸ್‌ಮಸ್ ಎಂದು ರಜ ತೆಗೆದುಕೊಳ್ಳುವುದಿಲ್ಲ. ಆರಾಧನೆ ಮುಗಿದು ಎಲ್ಲರೂ ಅಂಗಳಕ್ಕೆ ಬರುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿರುತ್ತಿತ್ತು. ಇದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು, ಗಡ್ಡವೊಂದನ್ನು ಬಿಟ್ಟು. ಅದು ಕುರಿಯ ಉಣ್ಣೆಯದು. ಕಂಬಳಿ ನೇಯುವವರ ಹತ್ತಿರ ಕೇಳಿ ತಂದು, ಸೀಗೆಕಾಯಿ ಹಾಕಿ ತೊಳೆದು, ಬಟ್ಟೆಗೆ ಹೊಲಿದಿದ್ದರು. ನಮ್ಮ ಸೀಮೆಯ ಕುರಿಗಳಲ್ಲಿ ಕರಿಯವೇ ಹೆಚ್ಚು. ಎಷ್ಟು ಆರಿಸಿದರೂ ಬಿಳಿಯ ನಡುವೆ ಅಲ್ಲಲ್ಲಿ ಕಪ್ಪು ಉಳಿದಿತ್ತು. ಹಾಗಾಗಿ ನಮ್ಮ ತಾತ ಇನ್ನೂ ಪೂರ್ತಿ ಹಣ್ಣಾಗಿರದ ತಾತ. ನಾನೋ ಪಶು ಆಸ್ಪತ್ರೆಯ ಕಾಂಪೌಂಡರ್. ವರ್ಷವೆಲ್ಲ ಕುರಿಗಳ ಬಾಯಿ ಬಿಡಿಸಿ ಔಷಧಿ ಹೊಯ್ಯುವವನು ಹಬ್ಬದ ದಿನವಾದರೂ ಆ ವಾಸನೆಯಿಂದ ದೂರ ಇರೋಣವೆಂದರೆ, ಅದು ನೇರವಾಗಿ ನನ್ನ ಮೂಗಿನ ಕೆಳಗೇ ಬಂದು ಕೂತಿತು. ಸೀಗೆಕಾಯಿಗೆ ಜಗ್ಗುವ ವಾಸನೆ ಅದಲ್ಲ. ಒಂದು ವರ್ಷವಂತೂ ಪಕ್ಕದ ಮನೆಯ ತಬ್ಬಲಿ ಕುರಿಮರಿ ಬೀದಿಯುದ್ದಕ್ಕೂ ನನ್ನ ಹಿಂದೆ ಅರಚಿಕೊಂಡು ಬಂತು. ಮಕ್ಕಳು ಅದನ್ನೂ ವೇಷದ ಭಾಗ ಎಂದುಕೊಂಡು ಚಪ್ಪಾಳೆ ತಟ್ಟಿದರು. ಅದು ನನ್ನಲ್ಲಿ ಯಾರನ್ನು ಕಂಡಿತೆಂದು ನನಗೆ ಗೊತ್ತು, ಹೇಳಲಾರೆ.

ತಾತನ ಕೆಲಸ ಹಿತ್ತಲ ಗಲ್ಲಿಯಿಂದ ಕುಣಿಯುತ್ತಾ ಬರುವುದು, ಶೇಂಗಾ ಚೀಲದಿಂದ ಪೆಪ್ಪರಮಿಂಟು ಬಲೂನು ಹಂಚುವುದು, ಆಮೇಲೆ ಬೇವಿನ ಮರದ ಕೆಳಗೆ ಚಾಪೆ ಹಾಸಿಕೊಂಡು ಕೂತ ಮನೆಯ ಹಿರಿಯಳ ಹತ್ತಿರ ಹೋಗಿ ಕೂರುವುದು. ಹಿರಿಯಳೆಂದರೆ ಅತ್ತೆ. ಮೊದಲನೇ ವರ್ಷ ನಾನು ಅಂಜಿಕೊಂಡೇ ಹೋದೆ. ಅವರು ಎದ್ದು ಒಳಗೆ ಹೋಗಿಬಿಡುತ್ತಾರೆ ಎಂದುಕೊಂಡಿದ್ದೆ. ಹೋಗಲಿಲ್ಲ. ತಲೆಯ ಮೇಲಿನ ಸೆರಗು ಹಿಂದಕ್ಕೆ ಜಾರಿಸಿ, ಚಾಪೆ ತಟ್ಟಿ, "ರಾ ತಾತಾ, ಕೂಚೋ. ಬಾಗುನ್ನಾವಾ?" ಎಂದರು. ಅವರ ತವರು ರಾಯದುರ್ಗದ ಕಡೆ. ಮನಸ್ಸು ತೆರೆದಾಗ ಬಾಯಿಗೆ ತೆಲುಗು ಬರುತ್ತದೆ ಎಂದು ಸುಗುಣ ಹೇಳುತ್ತಿದ್ದಳು, ನಾನು ಕೇಳಿದ್ದು ಅದೇ ಮೊದಲು. ಕೂತೆ, ಚೆನ್ನಾಗಿದ್ದೇನೆ ಎಂದೆ. ಒಂದು ಕರ್ಜಿಕಾಯಿ ಮುರಿದು, ಗಡ್ಡವನ್ನು ಒಂದು ಕೈಯಲ್ಲಿ ಸರಿಸಿ, ಇನ್ನೊಂದು ಕೈಯಲ್ಲಿ ನನ್ನ ಬಾಯಿಗೆ ಇಟ್ಟರು. ಕರ್ಜಿಕಾಯಿಯ ಜೊತೆ ಸ್ವಲ್ಪ ಉಣ್ಣೆಯೂ ಹೋಯಿತು. ನುಂಗಿಕೊಂಡೆ.

ಆಮೇಲೆ ಅದೇ ರೂಢಿಯಾಯಿತು. ವರ್ಷವೆಲ್ಲ ಬಾಗಿಲ ಹಿಂದೆ ಇರುತ್ತಿದ್ದ ಹೆಂಗಸು ಆ ಒಂದು ಮಧ್ಯಾಹ್ನ ತಾತನ ಹತ್ತಿರ ಎಲ್ಲವನ್ನೂ ಮಾತಾಡುತ್ತಿದ್ದರು. ಮಾವ ಬೀಡಿ ಬಿಟ್ಟೆ ಎಂದು ಸುಳ್ಳು ಹೇಳುವುದು, ಮಂಡಿ ನೋವು, ಹಿರಿ ಸೊಸೆ ಸಾರಿಗೆ ಹುಣಸೆಹಣ್ಣು ಸುರಿಯುವುದು. ಒಂದು ಸಲ ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು: "ಅಲ್ಲ ತಾತ, ನಿನ್ನ ಬಂಡಿ ಎಳಿಯೋ ಜಿಂಕೆ ಐತಲ್ಲ, ಅದಕ್ಕೆ ಹೊಟ್ಟೆ ಉಬ್ಬರ ಬಂದ್ರೆ ಏನು ಮಾಡ್ತೀಯ?" ಜಿಂಕೆ ಮೇವು ತಿನ್ನುತ್ತಾ ಇದೆಯಾ ಎಂದು ನಾನು ಕೇಳಿದೆ. "ನಿನ್ನೆಯಿಂದ ಮೂಸಿ ನೋಡ್ತಾ ಇಲ್ಲ. ಕರೇದು, ಎಡಗಿವಿ ಹರಿದೈತೆ" ಎಂದರು. ಹಿತ್ತಲಲ್ಲಿ ಕಟ್ಟಿದ್ದ ಅವರ ಮೇಕೆಯ ಎಡಗಿವಿ ಹರಿದಿತ್ತು. ಅಡುಗೆ ಎಣ್ಣೆ ಎಷ್ಟು, ಹೇಗೆ ಕುಡಿಸಬೇಕು ಎಂದು ತಾತ ಹೇಳಿದ. ಮನೆಯಲ್ಲೇ ಕಾಂಪೌಂಡರ್ ಅಳಿಯ ಹಿಂದಿನ ದಿನದಿಂದ ಕೈಕುರ್ಚಿಯಲ್ಲಿ ಕೂತಿದ್ದ. ಅವನನ್ನು ಕೇಳುವುದು ಮರ್ಯಾದೆಯಲ್ಲ ಎಂದು ಆ ಬಡಪಾಯಿ ಮೇಕೆ ಒಂದು ದಿನ ಹೊಟ್ಟೆ ಉಬ್ಬಿಸಿಕೊಂಡೇ ಇತ್ತು. ಇನ್ನೊಂದು ವರ್ಷ ನನ್ನ ಬಗ್ಗೆಯೇ ಚಾಡಿ ಹೇಳಿದರು. "ನಮ್ಮ ಸುಗುಣನ ಯಜಮಾನ್ರು ಒಳ್ಳೆಯೋರೇ ತಾತ. ಬೆಳ್ಳಗಿರೋದೆಲ್ಲ ಹಾಲು ಅನ್ಕತಾರೆ, ಅಷ್ಟು ಸಾಧು. ಮಾತು ಮಾತ್ರ ಕಮ್ಮಿ. ಬಂದ್ರೆ ಸುಮ್ನೆ ಕ್ಯಾಲೆಂಡರ್ ನೋಡ್ತಾ ಕೂತಿರ್ತಾರೆ." ಗಡ್ಡದೊಳಗೆ ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ನಾವಿಬ್ಬರೂ ಹಾಗೆ ನಗುತ್ತಿದ್ದದ್ದು ವರ್ಷಕ್ಕೆ ಅದೊಂದೇ ಸಲ.

ಇಷ್ಟು ಸುಖವಿದ್ದರೂ ನನ್ನ ತಲೆಯಲ್ಲಿದ್ದದ್ದು ಗಡ್ಡದ ತುರಿಕೆ. ಮನುಷ್ಯನಿಗೆ ಕೆನ್ನೆ ತುರಿಸುವಾಗ ಎದೆಯಲ್ಲಿ ಏನಾಗುತ್ತಿದೆ ಎಂದು ತಿಳಿಯುವುದಿಲ್ಲ. ಹಬ್ಬ ಕಳೆದು ವಾರವಾದರೂ ಗದ್ದದ ಮೇಲೆ ಗಂಧೆ ಇರುತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು, "ಏನ್ರೀ, ಕುರಿಗಳಿಂದ ಹತ್ತಿಸಿಕೊಂಡ್ರಾ?" ಎಂದು ಕೇಳುತ್ತಿದ್ದರು. ಅದು ಒಂದು ಲೆಕ್ಕದಲ್ಲಿ ನಿಜವೂ ಆಗಿತ್ತು. ಆಗ ನನ್ನ ಕಣ್ಣು ಬಿದ್ದದ್ದು ಸಾಲೊಮನ್ನನ ಮಗಳು ಗ್ರೇಸಿಯ ಮೇಲೆ. ಮೊಮ್ಮಕ್ಕಳಲ್ಲಿ ಅವಳೇ ದೊಡ್ಡವಳು. ಮೊಮ್ಮಗಳ ಗಂಡನೂ ಮನೆಯ ಅಳಿಯನೇ ತಾನೆ? ಅವಳು ಮೇಷ್ಟ್ರ ಟ್ರೈನಿಂಗ್ ಮುಗಿಸಿದ್ದೇ ತಡ, ನಾನು ಗಂಡು ಹುಡುಕಲು ಶುರು ಮಾಡಿದೆ. ಕಾಲುಬಾಯಿ ರೋಗದ ಚುಚ್ಚುಮದ್ದು ಹಾಕಲು ಹಳ್ಳಿ ಹಳ್ಳಿ ಸುತ್ತುವಾಗ ದನ ಹಿಡಿದವರನ್ನು, ಹಗ್ಗ ಹಿಡಿದವರನ್ನು, ಎಲ್ಲರನ್ನೂ ವಿಚಾರಿಸಿದೆ. ನನ್ನ ಕಾಳಜಿ ಕಂಡು ಇಡೀ ಬಳಗ ಕೊಂಡಾಡಿತು. "ಚಿಕ್ಕಪ್ಪ ಅಂದ್ರೆ ಇಂಗಿರಬೇಕು ನೋಡ್ರಿ" ಎಂದು ಕೊಂಡ್ಲಹಳ್ಳಿಯವರು ಬೇರೆ ಚಿಕ್ಕಪ್ಪಂದಿರನ್ನು ಬೈದರಂತೆ. ಗ್ರೇಸಿಗೆ ಮಾತ್ರ ಅನುಮಾನ. "ಚಿಕ್ಕಪ್ಪ, ನಮ್ಮಪ್ಪನಿಗೇ ಇಲ್ಲದ ಅವಸರ ನಿಮಗ್ಯಾಕೆ?" ಎಂದಳು. ಸಾಲೊಮನ್ ದೂರದಲ್ಲಿ ನಿಂತು ಮುಗುಳ್ನಗುತ್ತಿದ್ದ. ಅವನಿಗೆ ಎಲ್ಲ ಗೊತ್ತಿತ್ತು.

ಅಂತೂ ಚಿತ್ರದುರ್ಗದ ಕಾಲೇಜೊಂದರಲ್ಲಿ ಲ್ಯಾಬ್ ಅಸಿಸ್ಟೆಂಟ್ ಆಗಿದ್ದ ವಿನಯ್ ಸಿಕ್ಕಿದ. ಒಳ್ಳೆಯ ಹುಡುಗ, ಗ್ರೇಸಿಗೂ ಒಪ್ಪಿಗೆಯಾಯಿತು. ನನ್ನ ಸ್ವಾರ್ಥದಿಂದ ಅವಳಿಗೇನೂ ನಷ್ಟವಾಗಲಿಲ್ಲ ಎನ್ನುವುದೊಂದೇ ಸಮಾಧಾನ. ಬೇಸಿಗೆಯಲ್ಲಿ ಮದುವೆ. ಆರತಕ್ಷತೆಯಲ್ಲಿ ಅವನನ್ನು ನಾನು ತಬ್ಬಿಕೊಂಡ ಬಿಗಿಗೆ ಅವನ ಕೋಟಿನ ಗುಂಡಿ ಕಿತ್ತುಬಂತು. ಆ ವರ್ಷ ಕ್ರಿಸ್‌ಮಸ್ಸಿಗೆ ನಾನು ಹೊಸ ಬಿಳಿ ಶರ್ಟು ಹೊಲಿಸಿಕೊಂಡೆ, ಸಲೂನಿಗೆ ಹೋಗಿ ನುಣ್ಣಗೆ ಮುಖ ಕ್ಷೌರ ಮಾಡಿಸಿಕೊಂಡೆ. ಬಿಡುಗಡೆಯಾದ ಕೈದಿಯ ಗತ್ತಿನಲ್ಲಿ ಚಳ್ಳಕೆರೆಯಲ್ಲಿ ಬಸ್ಸಿಳಿದೆ.

ವಿನಯ್ ನಮ್ಮ ಹಾಗಲ್ಲ. ಚಿತ್ರದುರ್ಗದ ಅಂಗಡಿಯಿಂದ ಬೆಳ್ಳಗೆ ಮಿರುಗುವ ನೈಲಾನ್ ಗಡ್ಡ ತಂದಿದ್ದ; ವಾಸನೆಯಿಲ್ಲ, ತುರಿಕೆಯಿಲ್ಲ. ಮಕ್ಕಳು ಅವನ ಮೇಲೆ ಮುಗಿಬಿದ್ದರು. ನಾನು ಕೈಕುರ್ಚಿಯಲ್ಲಿ ಕೂತು ಹಿರಿಯ ಅಳಿಯನ ಠೀವಿಯಿಂದ ಎಲ್ಲವನ್ನೂ ನೋಡುತ್ತಿದ್ದೆ. ಕುಣಿತ ಮುಗಿಸಿ ಅವನು ಬೇವಿನ ಮರದ ಕಡೆ ನಡೆದ. ನಾನು ಕುರ್ಚಿಯಲ್ಲೇ ಮುಂದಕ್ಕೆ ಬಾಗಿದೆ. ಅತ್ತೆ ಅವನನ್ನು ನೋಡಿ, "ಬಾ ಮಗಾ ವಿನಯಾ, ಆ ಗಡ್ಡ ಕಿತ್ತಾಕು, ಸೆಕೆ ಆಗ್ತೈತೆ ನಿಂಗೆ" ಎಂದರು. ಅವನು ಗಡ್ಡ ತೆಗೆದು ಪಕ್ಕಕ್ಕಿಟ್ಟ, ಅವರು ಅವನ ಬೆವರು ಒರೆಸಿ ಕರ್ಜಿಕಾಯಿ ಕೊಟ್ಟರು. ನಾನು ಯೋಚಿಸಿಯೇ ಇರಲಿಲ್ಲ. ಅವನು ಮೊಮ್ಮಗಳ ಗಂಡ, ಅಜ್ಜಿಗೆ ಮೊಮ್ಮಗನ ಸಮಾನ. ಹೆಸರು ಹಿಡಿದು ಕರೆಯಬಹುದು, ಬೈಯಬಹುದು, ತಲೆ ಸವರಬಹುದು. ಅವನೊಡನೆ ಮಾತಾಡಲು ಅವರಿಗೆ ಗಡ್ಡವೇ ಬೇಕಾಗಿರಲಿಲ್ಲ. ಅದು ಬೇಕಾಗಿದ್ದದ್ದು ನನಗೆ. ವೇಷ ಕಳಚಿಕೊಂಡ ಖುಷಿಯಲ್ಲಿ ಆ ಮನೆಯಲ್ಲಿ ನನಗಿದ್ದ ಒಂದೇ ಸಲುಗೆಯನ್ನು ನಾನೇ ಗಂಡು ಹುಡುಕಿ, ಅವನ ಕೈಯಲ್ಲಿಟ್ಟು ಬಂದಿದ್ದೆ.

ಒಂದು ಗಳಿಗೆ ಆ ವೇಷ ಕೊಡು ಎಂದು ವಿನಯನನ್ನು ಕೇಳಲೇ ಎಂದುಕೊಂಡೆ. ಹೊಸ ಬಿಳಿ ಶರ್ಟು ಹಾಕಿಕೊಂಡವನು ಹೇಗೆ ಕೇಳುವುದು? ಸಾಲೊಮನ್ನನ ಎದುರು ಹೇಗೆ ಕೇಳುವುದು? ಬರುವ ವರ್ಷ ನೋಡೋಣ, ಏನಾದರೂ ನೆಪ ಹೇಳಿ ನಾನೇ ಹಾಕಿಕೊಂಡರಾಯಿತು ಎಂದು ನಿರ್ಧರಿಸಿದೆ. ಬರುವ ವರ್ಷ ಹಬ್ಬ ಇತ್ತು, ವೇಷವೂ ಇತ್ತು. ಅತ್ತೆ ಇರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಹೋಗಿಬಿಟ್ಟಿದ್ದರು. ಬೇವಿನ ಮರದ ಕೆಳಗೆ ಯಾರೂ ಚಾಪೆ ಹಾಸಲಿಲ್ಲ.

ಈಗ ಹೊಟ್ಟೆ ಉರಿಯುವುದು ಅತ್ತೆ ಇದ್ದ ಆ ಕೊನೆಯ ಹಬ್ಬದ ಸಂಜೆಯನ್ನು ನೆನೆಸಿಕೊಂಡರೆ. ನಾವು ಹೊರಟು ನಿಂತಿದ್ದೆವು. ಸುಗುಣ ಅವ್ವನ ಕಾಲಿಗೆ ನಮಸ್ಕರಿಸಿ ಎದ್ದಳು. ಅತ್ತೆ ಬಾಗಿಲ ಮರೆಗೆ ಹೋಗುವುದನ್ನು ಯಾಕೋ ಮರೆತು, ಹೊಸಿಲ ಮೇಲೆಯೇ ನಿಂತಿದ್ದರು. ನನಗೂ ಅವರಿಗೂ ನಡುವೆ ಮೊಳದಷ್ಟು ಜಾಗ. ನನ್ನ ನುಣ್ಣನೆಯ ಗದ್ದವನ್ನು ಒಮ್ಮೆ ನೋಡಿ, ಮಗಳ ಕಡೆ ತಿರುಗಿ ಹೇಳಿದರು: "ಸುಗುಣಾ, ಈ ಸಲ ನಮ್ಮ ತಾತ ಬರಲೇ ಇಲ್ಲ ಅಂತ ಹೇಳು. ಮಾತಾಡೋದು ಬಾಳ ಇತ್ತು."

ಬಾಯಿ ತೆರೆದು, ಅತ್ತೆ ಇಲ್ಲೇ ಇದ್ದೀನಿ, ಮಾತಾಡಿ ಎಂದರೆ ಯಾರೂ ನನ್ನನ್ನು ಗಲ್ಲಿಗೆ ಹಾಕುತ್ತಿರಲಿಲ್ಲ. ಅವರು ಕಟ್ಟುನಿಟ್ಟು, ಅವರು ಮಾತಾಡುವುದಿಲ್ಲ ಎಂದು ಅಷ್ಟು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ಆದರೆ ನಾನು ಹೆಂಡತಿಯ ಕಡೆ ತಿರುಗಿ, "ಬರೋ ವರ್ಷ ಖಂಡಿತ ಬರ್ತಾನಂತೆ ಅಂತ ನಿಮ್ಮವ್ವನಿಗೆ ಹೇಳು" ಎಂದೆ.