ಪ್ಯಾರಿಸ್ ಸೆಂಟೂ ಉಡುಪಿ ಸೆಂಟೂ

ಮೀನು ಮಾರುವ ಹೆಂಡತಿಯ ಮೂಗಿನ ಜೊತೆ ಪಂದ್ಯ ಕಟ್ಟಬಾರದು. ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ನಾನಿದನ್ನು ಕಲಿತೆ.

ಪಕ್ಕದ ಮನೆಯ ಜಮೀಲಾಳಿಗೆ ಗಂಡ ಉಸ್ಮಾನ್ ದುಬೈಯಿಂದ ಪ್ಯಾರಿಸ್ ಸೆಂಟು ಕಳಿಸಿದ್ದ. ಮುಚ್ಚಳ ತೆಗೆದರೆ ಕಾಪು ಪೇಟೆಯೇ ಹೂದೋಟ! ನನ್ನ ವಾರಿಜಾ ಅದನ್ನು ಮೂಸಿ ಬಂದವಳೇ, "ತಂಗಿಯ ಮದುವೆಗೆ ನನಗೂ ಅಂಥದ್ದೇ ಬೇಕು. ಕಳೆದ ಮದುವೆಯಲ್ಲಿ ಹಿರಿಯಡ್ಕದ ನೆಂಟರು ನಮ್ಮ ಪಕ್ಕ ಮೂಗು ಮುಚ್ಚಿಕೊಂಡದ್ದು ನೆನಪುಂಟಲ್ವಾ?" ಎಂದಳು.

ನೆನಪಿತ್ತು. (ಪಾಪ, ಮೀನಿನ ವಾಸನೆಯೆಂದು ನಾನೂ ಮೆಲ್ಲಗೆ ಆಚೆ ಸರಿದಿದ್ದೆ. ಅವಳು ಅವತ್ತು ಪಾಯಸ ಮುಟ್ಟಲಿಲ್ಲ.) ಆದರೆ ಪ್ಯಾರಿಸ್ ಯಾಕೆ? ಅದೇ ಹೂವು, ಅದೇ ಪರಿಮಳ ಉಡುಪಿಯ ಗೂಡಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆಂಬುದು ನನ್ನ ಅಚಲ ಸಿದ್ಧಾಂತ. ಒಂದು ಬಾಟ್ಲಿ ತಂದೇಬಿಟ್ಟೆ.

"ಕಣ್ಣು ಮುಚ್ಚಿ ಮೂಸು. ಯಾವುದು ಯಾವುದೆಂದು ಸರಿಯಾಗಿ ಹೇಳಿದರೆ ದುಬೈಗೆ ನಾನೇ ಕಾಗದ ಬರೆಯುತ್ತೇನೆ!" ಎಂದು ಘೋಷಿಸಿದೆ. ಜಮೀಲಾ ತನ್ನ ಬಾಟ್ಲಿಯೊಂದಿಗೆ ತೀರ್ಪುಗಾರ್ತಿಯಾಗಿ ಬಂದಳು.

ಈಗೊಂದು ತಪ್ಪೊಪ್ಪಿಗೆ. ಅಡಿಗೆಮನೆಗೆ ಹೋಗಿ ಎರಡೂ ಕರವಸ್ತ್ರಕ್ಕೆ ಉಡುಪಿ ಸೆಂಟನ್ನೇ ಹಾಕಿದೆ. ಅವಳು ಯಾವುದನ್ನು ಪ್ಯಾರಿಸ್ ಎಂದರೂ ಜಯ ನನ್ನದೇ!

ವಾರಿಜಾ ಒಂದನ್ನು ಮೂಸಿದಳು. ಇನ್ನೊಂದನ್ನು ಮೂಸಿದಳು. ಬಂಗುಡೆ ಮೀನಿನ ಕಿವಿರು ಎತ್ತಿ ನೋಡುವಾಗಿನ ಮುಖ ಮಾಡಿದಳು.

"ಎರಡೂ ಉಡುಪಿಯದ್ದೇ. ನಿನ್ನೆಯ ಮೀನಿನ ಕಿವಿರಿಗೆ ಇವತ್ತಿನ ರಕ್ತ ಸವರಿ ತರುವವರನ್ನೇ ದಿನಾ ಹಿಡಿಯುತ್ತೇನೆ. ನಿಮ್ಮನ್ನು ಹಿಡಿಯಲಿಕ್ಕೆ ಎಂತ ಕಷ್ಟ ಮಾರಾಯ್ರೇ?"

"ಏರ್‌ಮೇಲ್ ಕಾಗದ ನನ್ನ ಹತ್ತಿರ ಉಂಟು, ಧರ್ಮಪಾಲಣ್ಣ," ಎಂದು ಜಮೀಲಾ ಓಡಿಹೋಗಿ ತಂದಳು. (ಅವಳ ಕಾಗದಗಳನ್ನೆಲ್ಲ ಬರೆದುಕೊಡುವುದು ನಾನೇ.)

ಬರೆಯಲು ಕೂತೆ. ವಾರಿಜಾ ಹೇಳಿದಳು: "ದೊಡ್ಡ ಬಾಟ್ಲಿ ಎಂದು ಬರೆಯಿರಿ."

"ನಿನಗೊಬ್ಬಳಿಗೆ ದೊಡ್ಡದೆಂತಕ್ಕೆ?"

"ನನಗಲ್ಲ. ಆ ಮದುವೆಗೆ ನಾನು ಮಿಂದೇ ಬಂದಿದ್ದೆ. ನೀವು ಐಸ್ ಪ್ಲಾಂಟಿನ ಕೆಲಸ ಮುಗಿಸಿ ಸೀದಾ ಬಂದು ಪಕ್ಕದಲ್ಲಿ ಕೂತದ್ದು. ನಿಮ್ಮ ಮೈಯ ಅಮೋನಿಯಾ ವಾಸನೆಗೆ ನನಗೇ ಕಣ್ಣೀರು ಬರುತ್ತಿತ್ತು. ನಿಮಗೆ ಬೇಜಾರಾಗುತ್ತದೆಂದು ನನಗೇ ಬೇಕು ಎಂದೆ."

ನಾನು ತಲೆ ತಗ್ಗಿಸಿ, ದುಂಡಗಿನ ಅಕ್ಷರದಲ್ಲಿ ಬರೆದೆ: 'ಹೂವಿನ ಪರಿಮಳದ್ದು, ದೊಡ್ಡದು, ಧರ್ಮಪಾಲಣ್ಣನಿಗೆ.'

ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವುದು ನಮ್ಮಲ್ಲಿ ಪದ್ಧತಿ. ಜಮೀಲಾ ಎರಡು ಸಲ ಓದಿಸಿದಳು.