ನಾನು ಹೊಗಳಿ ತೋರಿಸಿದ ಗ್ಯಾಂಗ್‌ಸ್ಟರ್ ಸಿನಿಮಾ

ನಾನು ಹೊಗಳಿದ ಯಾವುದೂ ಹೆಚ್ಚು ದಿನ ನೆಟ್ಟಗಿರುವುದಿಲ್ಲ. ಹೋಟೆಲ್ ಹೊಗಳಿದರೆ ಮರುದಿನ ಅಡುಗೆಯವನು ಕೆಲಸ ಬಿಡುತ್ತಾನೆ. ಬಸ್ಸು ಹೊಗಳಿದರೆ ಪಕ್ಕದೂರು ಮಂಠಾಳ ಮುಟ್ಟುವ ಮೊದಲೇ ಟೈರು ಕೂತುಬಿಡುತ್ತದೆ. ಆದರೂ ಬುದ್ಧಿ ಬರಲಿಲ್ಲ. ಬಸವಕಲ್ಯಾಣದ ಕಾಲೇಜಿನಲ್ಲಿ ಹಿಂದಿ ಕಲಿಸುವ ನಾನು, ಒಬ್ಬ ಹಿಂದಿ ನಿರ್ದೇಶಕನನ್ನು ಏಳೆಂಟು ವರ್ಷ ಸತತವಾಗಿ ಹೊಗಳಿಕೊಂಡು ಬಂದೆ.

೧. ಶಿಫಾರಸು

ಆತ ನಿಜವಾಗಿಯೂ ಪ್ರತಿಭಾವಂತ, ಅದರಲ್ಲಿ ಎರಡು ಮಾತಿಲ್ಲ. ಒಂದೇ ಹೊಲಿಗೆ ಮಷೀನಿಗಾಗಿ ಜಗಳಾಡುವ ಅಣ್ಣತಮ್ಮಂದಿರ ಮೇಲೆ ಒಂದು ಸಣ್ಣ ಚಿತ್ರ ಮಾಡಿದ್ದ. ಅದನ್ನು ನಮ್ಮ ಓಣಿಯ ಟೇಲರ್ ಚಾಚಾಗೆ ನನ್ನ ಮೊಬೈಲಿನಲ್ಲಿ ತೋರಿಸಿದ್ದೆ. ಚಾಚಾ ಕತ್ತರಿ ಕೆಳಗಿಟ್ಟು ಕಣ್ಣೊರೆಸಿಕೊಂಡು, "ಸರ್, ಇಂವ ನಮ್ಮ ಕಸಬಿನಾಂವ ಇರಬೇಕು," ಅಂದಿದ್ದರು.

ಅದೇ ನಿರ್ದೇಶಕ ಈಗ ಗ್ಯಾಂಗ್‌ಸ್ಟರ್ ಸಿನಿಮಾ ಮಾಡಿದ್ದಾನೆ, ಹುಮನಾಬಾದಿಗೆ ಬಂದಿದೆ ಎಂದು ಗೊತ್ತಾದ ಕೂಡಲೇ ನಾನು ಜನ ಕೂಡಿಸಿದೆ. ಕಾಲೇಜಿನ ಗಣಿತದ ಸರ್ ಕಾರು ತರಲು ಒಪ್ಪಿದರು. ನನ್ನ ಹೆಂಡತಿ, "ಹೊಡೆದಾಟ ನನಗ ಆಗಂಗಿಲ್ಲ," ಅಂದಳು. "ಇಂವ ಹೊಡೆದಾಟದಾಗೂ ಮನಸ್ಸು ಹುಡುಕ್ತಾನ," ಎಂದು ಒಪ್ಪಿಸಿದೆ.

ಭಾನುವಾರ ಮುಂಜಾನೆ ನಮ್ಮ ಜೊತೆ ಹೊರಡಲು ಚಾಚಾ ಅಂಗಡಿ ಷಟರ್ ಎಳೆಯುತ್ತಿದ್ದಾಗ ಕೊಹಿನೂರು ಹಳ್ಳಿಯಿಂದ ಒಬ್ಬರು ಮಗನ ಮದುವೆಯ ಶೇರ್ವಾನಿ ಅಳತೆ ಕೊಡಲು ಬಂದರು. ಚಾಚಾ ಅವರಿಗೆ ಸಮಾಧಾನದಿಂದ ಹೇಳಿದರು: "ಮದುವಿಗೆ ಇನ್ನ ಹದಿನೈದ ದಿನ ಅದ, ನಾಳೆ ಬರ್ರಿ. ಈ ಸಿನಿಮಾ ನಾಳಿತನಕ ಇರ್ತದೋ ಇಲ್ಲೋ."

೨. ಕೋಟು

ಸಿನಿಮಾ ಶುರುವಾದದ್ದೇ ಗುಂಡಿನ ಸುರಿಮಳೆಯಿಂದ. ಮುಂಬೈ ಸೆಖೆಯಲ್ಲಿ ಹೀರೋ ಮೊಣಕಾಲಿನವರೆಗೆ ಚರ್ಮದ ಕೋಟು ಹಾಕಿಕೊಂಡು ನಿಂತಿದ್ದ. ನಾಲ್ಕೂ ಕಡೆಯಿಂದ ಗುಂಡು ಹಾರಿದವು, ಕೋಟು ಜರಡಿಯಾಯಿತು. ಹೀರೋ ಕೆಮ್ಮಲೂ ಇಲ್ಲ. ನಾನು ಕುರ್ಚಿಯಲ್ಲಿ ಸ್ವಲ್ಪ ಕುಗ್ಗಿದೆ. ಮೂವರಿಗೂ ಗ್ಯಾರಂಟಿ ಕೊಟ್ಟು ಕರೆತಂದವನು ನಾನು.

ಮುಂದಿನ ದೃಶ್ಯದಲ್ಲಿ ಅದೇ ಹೀರೋ, ಅದೇ ಕೋಟು. ಒಂದೂ ತೂತಿಲ್ಲ. ಚಾಚಾ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಸರ್, ಈ ಡೈರೆಕ್ಟರ್ ನಿಮಗ ಗೊತ್ತದಾನೇನ್ರಿ?"

"ಇಲ್ರಿ ಚಾಚಾ. ಯಾಕ?"

"ಆ ಕೋಟಿನ ತೂತು ಕಾಣದಂಗ ರಫೂ ಮಾಡಿದಾಂವನ ಪತ್ತಾ ಬೇಕಾಗಿತ್ತು."

೩. ಗಡ್ಡ

ಗ್ಯಾಂಗಿನಲ್ಲಿ ಹನ್ನೊಂದು ಮಂದಿ. ಹನ್ನೊಂದು ಮಂದಿಗೂ ಒಂದೇ ನಮೂನೆ ಗಡ್ಡ, ಕಪ್ಪು ಅಂಗಿ. ಎದುರು ಗ್ಯಾಂಗಿನವರಿಗೂ ಅದೇ ಗಡ್ಡ, ಅದೇ ಅಂಗಿ. ಪರದೆಯ ತುಂಬ ಹೊಗೆ ಬೇರೆ.

ಹೆಂಡತಿ ನಿಮಿಷಕ್ಕೊಮ್ಮೆ ನನ್ನ ತೋಳು ಚುಚ್ಚಿ ಕೇಳತೊಡಗಿದಳು: "ಇಂವ ನಮ್ಮಾಂವೇನ್ರಿ?" ನಾನು ಎರಡು ಸಲ ಹೌದೆಂದೆ. ಎರಡು ಸಲವೂ ಅವನು ಹೀರೋನ ಮೇಲೇ ಗುಂಡು ಹಾರಿಸಿದ. ಮೂರನೇ ಸಲ, "ಸ್ವಲ್ಪ ತಡಿ, ತಿಳೀತದ," ಅಂದೆ.

ತಿಳಿಯಲಿಲ್ಲ. ಒಬ್ಬ ಗಡ್ಡದವನು ಸತ್ತ, ಒಬ್ಬ ಮುದುಕಿ ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಅತ್ತಳು. ಸಂಗೀತ ಎದೆ ಹಿಂಡುವಂತಿತ್ತು. ಕೊನೆಗೂ ನಿರ್ದೇಶಕನ ಕೈಚಳಕ ಕಂಡಿತೆಂದು ನಾನು ಹೆಂಡತಿಯ ಕಡೆ ನೋಡಿದೆ. ಅವಳು ಪಾಪ ಚಿಂತೆಯಲ್ಲಿದ್ದಳು.

"ಇಂವ ತನ್ನ ಮಗಾನೇ ಅಂತ ಆಕಿಗೆ ಖಾತ್ರಿ ಹ್ಯಾಂಗಾತ್ರಿ?"

೪. ಶೈಲಿ

ಇಂಟರ್ವಲ್ ಮುಗಿಸಿ ಬಂದು ಕೂತೆವು. ಆಗ ಪರದೆಯ ಮೇಲೆ ಸಿನಿಮಾದ ಹೆಸರು ಬಂತು. ನಿರ್ಮಾಪಕ, ಸಂಗೀತ, ಸಾಹಸ, ಎಲ್ಲರ ಹೆಸರೂ ಬಂದವು. ನಂತರ, ಆಗಷ್ಟೇ ಮುದುಕಿಯ ತೊಡೆಯ ಮೇಲೆ ಸತ್ತವನು ಆರಾಮಾಗಿ ಕೂತು ಚಹಾ ಕುಡಿಯುತ್ತಿದ್ದ.

ನನಗೆ ಹೋದ ಜೀವ ಬಂದಂತಾಯಿತು. ಕಥೆಯನ್ನು ಹಿಂದೆಮುಂದೆ ಮಾಡಿ ಹೇಳುವುದರಲ್ಲಿ ಈ ನಿರ್ದೇಶಕ ಮೊದಲಿನಿಂದಲೂ ನಿಸ್ಸೀಮ. ಮೂವರಿಗೂ ಕೇಳುವಂತೆ ಹೇಳಿದೆ: "ನೋಡ್ರಿ, ಮೊದಲ ಸಾವು ತೋರಿಸಿದ, ಈಗ ಬದುಕು ತೋರಿಸಾಕತ್ತಾನ. ಅರ್ಧ ಸಿನಿಮಾ ಆದಮ್ಯಾಲೆ ಹೆಸರು ಹಾಕೋ ಧೈರ್ಯ ಬ್ಯಾರೆ ಯಾರಿಗದ?" ಗಣಿತದ ಸರ್ ತಲೆಯಾಡಿಸಿದರು. ಚಾಚಾ ನೆಟ್ಟಗೆ ಕೂತರು. ಕಳೆದುಹೋದ ಮರ್ಯಾದೆ ಮರಳಿ ಬರುತ್ತಿರುವುದು ನನ್ನ ಕಣ್ಣಿಗೇ ಕಾಣುತ್ತಿತ್ತು.

ಒಂದು ತಾಸಿನ ಮೇಲೆ, ಹೀರೋ ಕಟ್ಟಡದಿಂದ ಹಾರಿದ ಕ್ಷಣಕ್ಕೆ ಪರದೆಯ ಮೇಲೆ 'ಇಂಟರ್ವಲ್' ಎಂದು ಬಂದು ದೀಪ ಹತ್ತಿದವು. ಗೇಟು ತೆರೆಯಿತು, ಶೋ ಮುಗಿದಿತ್ತು. ಜನ ತಲೆ ಕೆರೆದುಕೊಳ್ಳುತ್ತ ಎದ್ದರು. ನಾನು ಮಾತ್ರ ಭಾವುಕನಾಗಿದ್ದೆ. "ಅಪರಾಧಕ್ಕ ಕೊನಿ ಇಲ್ಲ, ಬರೀ ಇಂಟರ್ವಲ್ ಅದ ಅಂತ ಹೇಳ್ಯಾನ," ಎಂದು ವಿವರಿಸಿದೆ.

ಹೊರಗೆ ಚಹಾದಂಗಡಿಯಲ್ಲಿ ಟಾಕೀಸಿನ ಆಪರೇಟರ್ ನಿಂತಿದ್ದರು. ಗಣಿತದ ಸರ್‌ಗೆ ಪರಿಚಯದವರು. ಸರ್ ಅವರಿಗೆ ನನ್ನನ್ನು ತೋರಿಸಿ, ನಿರ್ದೇಶಕನ ಶೈಲಿಯ ಬಗ್ಗೆ ನಾನು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದರು.

ಆಪರೇಟರ್ ಕಪ್ಪು ಕೆಳಗಿಟ್ಟು ಗೌರವದಿಂದ ಹೇಳಿದರು: "ಡೈರೆಕ್ಟರ್ ಶೈಲಿ ಅಲ್ರಿ ಸರ್, ಅದು ನಂದು. ನಿನ್ನಿ ಸೀದಾ ತೋರಿಸಿದ್ದೆ, ಇಂಟರ್ವಲ್‌ಗೆ ಚಾ ಕುಡಿಯಾಕ ಹೋದ ಮಂದಿ ಹೊಳ್ಳಿ ಬರಲಿಲ್ಲ. ಇವತ್ತ ಎರಡನೇ ಭಾಗ ಮೊದಲ ಹಾಕಿದೆ. ಸತ್ತಾಂವ ಹ್ಯಾಂಗ ಎದ್ದ ಅಂತ ನೋಡಾಕರ ಎಲ್ಲಾರೂ ಕುಂತ್ರು."