ಸೋಫಾ ಮೇಲೆ ಕೂತು ಪರೀಕ್ಷಿಸಿದ ಬರ್ನರ್

ಮಾನ ಹೋಗುವ ಪ್ರಸಂಗಗಳು ವಿಳಾಸ ಹುಡುಕಿಕೊಂಡು ನನ್ನ ಹತ್ತಿರವೇ ಬರುತ್ತವೆ. ಪೀಣ್ಯದ ಗ್ಯಾಸ್ ಒಲೆ ಕಾರ್ಖಾನೆಯೊಂದರಲ್ಲಿ ಬರ್ನರ್ ಪರೀಕ್ಷಿಸುವುದು ನನ್ನ ಕೆಲಸ. ಕಡಿಮೆ ಗ್ಯಾಸು, ಕಡಿಮೆ ಹೊಗೆಯ ಬರ್ನರೊಂದನ್ನು ನಾನೇ ರೂಪಿಸಿದ್ದೆ. ಮಾಲೀಕರು ಒಪ್ಪಿದರೆ ಅಚ್ಚು ಹಾಕಿಸಿ ತಯಾರಿಕೆ, ಇಲ್ಲದಿದ್ದರೆ ಎರಡು ವರ್ಷದ ದುಡಿಮೆ ಗುಜರಿಗೆ.

೧. ಬಿಸಿನೀರು

ಮಾಲೀಕರ ಮುಂದೆ ಮೊದಲ ಪರೀಕ್ಷೆ. ಪಾತ್ರೆಯ ನೀರು ಎಷ್ಟು ಬೇಗ ಕಾಯುತ್ತದೆಂದು ನೋಡಬೇಕು. ಗಡಿಬಿಡಿಯಲ್ಲಿ, ಆಗಷ್ಟೇ ನಾನೊಬ್ಬನೇ ಪರೀಕ್ಷಿಸುವಾಗ ಕಾಯಿಸಿದ್ದ ನೀರನ್ನೇ ಇಟ್ಟಿದ್ದೆ. ಮಾಲೀಕರು ಬೆರಳದ್ದಿ, "ಸಕ್ಕತ್ ಗುರು! ಹಚ್ಚೋಕ್ ಮುಂಚೇನೇ ಕಾದಿದೆ" ಎಂದರು.

೨. ಭಾಷಣ

"ಒಂದು ತಿಂಗಳು ಮನೇಲಿ ಬಳಸಿ, ದಿನಾ ವರದಿ ಬರೀರಿ" ಎಂದರು ಮಾಲೀಕರು. ನನ್ನ ಬರ್ನರನ್ನು ಮನೆಯ ಒಲೆಗೆ ಕೂರಿಸಿದೆ. ಪ್ರತಿ ಸಂಜೆ ಸೋಫಾದಿಂದಲೇ ಹೆಂಡತಿಯನ್ನು "ಮಸಿ ಇದೆಯಾ?" ಎಂದು ಕೂಗಿ ಕೇಳುತ್ತಿದ್ದೆ. "ಇಲ್ಲರೀ" ಎನ್ನುತ್ತಿದ್ದಳು. ನಾನು "ಸ್ವತಃ ಪರಿಶೀಲಿಸಿದೆ, ಜ್ವಾಲೆ ನೀಲಿ" ಎಂದು ಬರೆಯುತ್ತಿದ್ದೆ. ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ.

ಅಷ್ಟು ಸಾಲದೆಂದು ಎದುರುಮನೆಯಾಕೆಯ ಬಾಗಿಲಲ್ಲಿ ನಿಂತು, "ಹಳದಿ ಜ್ವಾಲೆ ಅಂದ್ರೆ ಗ್ಯಾಸ್ ಪೂರ್ತಿ ಉರೀತಿಲ್ಲ ಅಂತ" ಎಂದು ಪಾಠ ಶುರುಮಾಡಿದೆ. ಸ್ವಲ್ಪ ಹೊತ್ತು ಕೇಳಿ ಆಕೆ ಎಂದರು, "ಸಾರ್, ನೀವು ನಿಲ್ಸಿದ್ರೆ ಒಳಗೆ ಹೋಗಿ ಒಲೆ ಆರಿಸ್ತೀನಿ."

೩. ಪಿನ್ನು

ತಿಂಗಳ ಕೊನೆಗೆ ಮಾಲೀಕರು ಮನೆಗೇ ಬಂದರು. ಒಲೆ ಹಚ್ಚಿಸಿ ನೋಡಿದರು. ಅಚ್ಚ ನೀಲಿ ಜ್ವಾಲೆ, ಪಾತ್ರೆಯ ತಳ ಫಳಫಳ. "ಅಚ್ಚು ಹಾಕಿಸೋಣ ಕಣ್ರೀ" ಎಂದು ನನ್ನ ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ.

ಬಿಜಾಪುರದ ಕಡೆಯ ನನ್ನ ಹೆಂಡತಿಗೆ ಸುಳ್ಳು ಬರುವುದಿಲ್ಲ. ಚಹಾ ಕೊಡುತ್ತಾ, "ಇದು ನಮ್ಮ ಹಳೇ ಬರ್ನರ್ರೀ ಸರ್. ಇವರದ್ರಾಗ ರೊಟ್ಟಿ ನಡುವ ಸುಟ್ಟು ಅಂಚು ಹಸೀನೇ ಉಳೀತಿತ್ತು. ಎರಡನೇ ದಿನಾನೇ ತೆಗೆದಿಟ್ಟೆ" ಎಂದಳು. ನನ್ನ ಬರ್ನರ್ ಮೂಲೆಯಲ್ಲಿ ಉಪ್ಪಿನಕಾಯಿ ಜಾಡಿಯನ್ನು ಹೊತ್ತು ಕೂತಿತ್ತು.

"ಹಳೇದು ಇಷ್ಟು ಚೆನ್ನಾಗಿ ಹೆಂಗ್ ಉರಿಯುತ್ತಮ್ಮ?" ಮಾಲೀಕರು ಕೇಳಿದರು.

ಅವಳು ಬಳೆಗೆ ಸಿಕ್ಕಿಸಿದ್ದ ಪಿನ್ನು ತೋರಿಸಿದಳು. "ವಾರಕ್ಕೊಮ್ಮೆ ಇದರಿಂದ ತೂತಿನ ಹೊಲಸು ತೆಗೀತೀನ್ರೀ. ಇವರು ಕೇಳಿದ್ರ ಹೇಳ್ತಿದ್ದೆ."

ಮಾಲೀಕರು ಚಹಾ ಮುಗಿಸಿ ನನ್ನತ್ತ ತಿರುಗಿದರು. "ಅಚ್ಚು ಬೇಡ. ಒಲೆ ಜೊತೆ ಒಂದೊಂದ್ ಪಿನ್ ಕೊಡೋಣ. ಪರೀಕ್ಷೆ ಎಲ್ಲಾ ಇನ್ಮೇಲೆ ಮೇಡಂ ಮಾಡ್ಲಿ. ಜಾಹೀರಾತು ಮಾತ್ರ ನೀವೇ ಬರೀಬೇಕು. ನೋಡದೇ ಇರೋದನ್ನ ನಿಮ್ಮಷ್ಟು ಚೆನ್ನಾಗಿ ಯಾರೂ ಬರೆಯಲ್ಲ."